ಜಿಲ್ಲೆ ಕೇಳುವ ಆ್ಯಪ್ ಭಾಷೆಯನ್ನೂ ಕೇಳಲಿ

ಮೊದಲು ದವಾಖಾನೆಗೆ ಹೋದರೆ ಚೀಟಿ ಬರೆದು ಕೊಡುತ್ತಿದ್ದರು. ಈಗ ಮೊಬೈಲ್ ನಂಬರ್ ಕೇಳುತ್ತಾರೆ. ನಂಬರ್ ಹೇಳಿದರೆ ಓಟಿಪಿ ಬರುತ್ತದೆ, ಓಟಿಪಿ ಹೇಳಿದ ಮೇಲೆ ಹೆಸರು ಹತ್ತುತ್ತದೆ. 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ಜಾರಿಯಾದ ಮೇಲೆ 14 ಅಂಕಿಯ ‘ಆಭಾ’ ನಂಬರು ಹಳ್ಳಿಹಳ್ಳಿಗೂ ಬಂದಿದೆ. ಮಕ್ಕಳ ಲಸಿಕೆಗೆ ಯು-ವಿನ್, ಮನೆಯಲ್ಲಿ ಕೂತೇ ಡಾಕ್ಟರರ ಸಲಹೆ ಪಡೆಯಲು ಇ-ಸಂಜೀವನಿ, ಅಂಗನವಾಡಿ ಲೆಕ್ಕಕ್ಕೆ ಪೋಷಣ್ ಟ್ರ್ಯಾಕರ್. ಆರೋಗ್ಯ ಖಾತೆಯ ಅರ್ಧ ವ್ಯವಹಾರ ಅಂಗೈಯಗಲದ ಪರದೆಯ ಮೇಲೆ ಬಂದು ಕುಳಿತಿದೆ ಅಂದರೆ ತಪ್ಪಿಲ್ಲ.

ಇದು ಬೇಡ ಅನ್ನುವ ಕಾಲ ಮುಗಿದಿದೆ. ಬೇಡ ಅನ್ನಲು ಕಾರಣವೂ ಇಲ್ಲ. ಕಬ್ಬು ಕಡಿಯಲು ಮನೆಮಂದಿಯೆಲ್ಲ ಊರು ಬಿಡುವ ಜತ್ತ ಭಾಗದ ಕುಟುಂಬಗಳಿಗೆ, ಮಗುವಿನ ಲಸಿಕೆ ದಾಖಲೆ ಯಾವ ಊರಲ್ಲಾದರೂ ಸಿಗುವುದು ದೊಡ್ಡ ಅನುಕೂಲ. ಪ್ರಶ್ನೆ ಬೇರೆ ಇದೆ. ಆ ಪರದೆಯನ್ನು ಯಾರಿಗಾಗಿ ಮಾಡಿದ್ದಾರೆ? ಮಾಡಿದವರು ಕೈಯಲ್ಲಿ ಹಿಡಿಯುವವರನ್ನು ಒಮ್ಮೆಯಾದರೂ ನೋಡಿದ್ದಾರೆಯೇ? ಗಡಿ ಭಾಗದ ನಮ್ಮಂಥವರಿಗೆ ಇನ್ನೂ ಒಂದು ಪ್ರಶ್ನೆ: ನಾವು ಯಾವ ಜಿಲ್ಲೆಯವರು ಅಂತ ಕೇಳುವ ವ್ಯವಸ್ಥೆ, ನಮಗೆ ಓದಲು ಬರುವ ಭಾಷೆ ಯಾವುದು ಅಂತ ಯಾಕೆ ಕೇಳುವುದಿಲ್ಲ?

ಕೋವಿನ್ ಕಲಿಸಿದ ಪಾಠ

ಹಳೆಯ ಮಾತಾದರೂ ನೆನಪಿಸಿಕೊಳ್ಳಬೇಕು. 2020ರ ಏಪ್ರಿಲ್‌ನಲ್ಲಿ ಬಂದ ಆರೋಗ್ಯ ಸೇತು ಆ್ಯಪ್ ಮೊದಲ ದಿನದಿಂದಲೇ 11 ಭಾಷೆಗಳಲ್ಲಿತ್ತು. ಮೇ ತಿಂಗಳಲ್ಲಿ ಸಾದಾ ಫೋನಿನವರಿಗಾಗಿ 1921 ನಂಬರಿಗೆ ಮಿಸ್ಡ್ ಕಾಲ್ ಕೊಡುವ ಸೌಲಭ್ಯವೂ ಆಯಿತು. ಅಂದರೆ ಹೇಗೆ ಮಾಡಬೇಕೆಂಬುದು ಸರಕಾರಕ್ಕೆ ಗೊತ್ತಿಲ್ಲದ್ದೇನಲ್ಲ.

ಹೀಗಿದ್ದೂ ಮರುವರ್ಷ ಏನಾಯಿತು? 2021ರ ಮೇ 1ರಿಂದ 18ರಿಂದ 44 ವಯಸ್ಸಿನವರಿಗೆ ಲಸಿಕೆ ಆರಂಭವಾದಾಗ ಆನ್‌ಲೈನಿನಲ್ಲಿ ಹೆಸರು ಹಚ್ಚಲೇಬೇಕೆಂದು ನಿಯಮ ಮಾಡಿದರು. ಕೋವಿನ್ ಪೋರ್ಟಲ್ ಇದ್ದದ್ದು ಇಂಗ್ಲಿಷಿನಲ್ಲಿ ಮಾತ್ರ. ಮೇಲಿಂದ ಓಟಿಪಿ, ಅದರ ಮೇಲೆ ಸೊಟ್ಟ ಅಕ್ಷರ ಓದಿ ತುಂಬುವ ಕ್ಯಾಪ್ಚಾ. ಇಂಗ್ಲಿಷ್ ಬಲ್ಲ, ಬೆರಳು ಚುರುಕಿದ್ದ ಪೇಟೆಯವರು ಹಳ್ಳಿ ಕೇಂದ್ರಗಳ ಸ್ಲಾಟ್ ಹಿಡಿದು, ಕಾರಿನಲ್ಲಿ ಬಂದು ಸೂಜಿ ಮಾಡಿಸಿಕೊಂಡು ಹೋದ ಸುದ್ದಿ ಆ ದಿನಗಳಲ್ಲಿ ದೇಶದ ಹಲವು ಕಡೆಯಿಂದ ಬಂದವು. ಆ ಊರಿನವರು ಹೊರಗೆ ನಿಂತು ನೋಡಿದರು.

ಕೊನೆಗೆ ಮೇ 24ರಂದು ಸರಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲೇ ನೋಂದಣಿಗೆ ಕೇಂದ್ರ ಅವಕಾಶ ಕೊಟ್ಟಿತು. ಮೇ 31ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಡಿಜಿಟಲ್ ಅಂತರದಿಂದ ಬಡವರು, ಹಳ್ಳಿಯವರು ಹೊರಗುಳಿಯುವುದನ್ನು ಎತ್ತಿ ಹೇಳಿತು. ಕಣ್ಣು ಕಾಣದವರಿಗೆ ಕೇಳಿಸುವ ಕ್ಯಾಪ್ಚಾ ಇಲ್ಲ ಎಂಬುದನ್ನೂ ಗುರುತಿಸಿತು. ಜೂನ್ ತಿಂಗಳಲ್ಲಿ ಕನ್ನಡ, ಮರಾಠಿ ಸೇರಿ ಹಲವು ಭಾಷೆಗಳು ಕೋವಿನ್‌ಗೆ ಬಂದವು. ಮಾಡಲು ಬರುತ್ತಿತ್ತು, ಆದರೆ ತಡವಾಗಿ ಮಾಡಿದರು. ಎರಡನೆಯ ಅಲೆಯ ಆ ಒಂದು ತಿಂಗಳ ಬೆಲೆ ಎಷ್ಟು ಅಂತ ಯಾರಿಗೂ ಹೇಳಿ ಕೊಡಬೇಕಾಗಿಲ್ಲ.

ಮೊಬೈಲ್ ವಾಪಸು ಕೊಟ್ಟ ಸೇವಿಕೆಯರು

ಅದೇ ವರ್ಷ ಮಹಾರಾಷ್ಟ್ರದಲ್ಲಿ ಇನ್ನೊಂದು ಘಟನೆ ನಡೆಯಿತು. 2021ರ ಮಾರ್ಚ್‌ನಿಂದ ಅಂಗನವಾಡಿಗಳಿಗೆ ಪೋಷಣ್ ಟ್ರ್ಯಾಕರ್ ಬಂತು. ಮಕ್ಕಳ ತೂಕ, ಎತ್ತರ, ಆಹಾರದ ಲೆಕ್ಕ, ಗರ್ಭಿಣಿಯರ ವಿವರ ಎಲ್ಲ ಅದರಲ್ಲೇ ತುಂಬಬೇಕು. ಆ್ಯಪ್ ಇಂಗ್ಲಿಷಿನಲ್ಲಿ. ಸರಕಾರ ಕೊಟ್ಟ ಫೋನು ಹಳೆಯದು, ಆ್ಯಪ್ ತೆರೆದರೆ ನಿಂತುಬಿಡುತ್ತದೆ. ಆಗಸ್ಟ್ ತಿಂಗಳಲ್ಲಿ ರಾಜ್ಯದ ಸಾವಿರಾರು ಸೇವಿಕೆಯರು ಆ ಫೋನುಗಳನ್ನು ಕಚೇರಿಗೆ ತಂದು ವಾಪಸು ಇಟ್ಟರು. ವಿಷಯ ಮುಂಬಯಿ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು.

ಆ ಬೇಡಿಕೆ ಮರಾಠಿಗಾಗಿ ಇತ್ತು, ಅದು ನ್ಯಾಯವಾದದ್ದು. ಆದರೆ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಕನ್ನಡ ಹಳ್ಳಿಯ ಸೇವಿಕೆಯ ಅಂದಿನ ಸ್ಥಿತಿ ನೋಡಿರಿ. ತಾಯಂದಿರ ಜೊತೆ ಮಾತು ಕನ್ನಡದಲ್ಲಿ. ತರಬೇತಿ, ಮೇಲಿನ ಅಧಿಕಾರಿಗೆ ವರದಿ ಮರಾಠಿಯಲ್ಲಿ. ಆ್ಯಪ್ ಇಂಗ್ಲಿಷಿನಲ್ಲಿ. ಒಂದು ಮಗುವಿನ ತೂಕ ಮೂರು ಭಾಷೆ ದಾಟಿ ದಾಖಲೆ ಸೇರಬೇಕಾಗಿತ್ತು. ಲೆಕ್ಕಪತ್ರ ಓದಿದವರಿಗೆ ಇದು ಬೇಗ ತಿಳಿಯುತ್ತದೆ: ಒಂದು ರಕಮನ್ನು ಮೂರು ವಹಿಯಲ್ಲಿ ಇಳಿಸುತ್ತ ಹೋದರೆ ತಪ್ಪಾಗುವ ಜಾಗಗಳೂ ಮೂರು. ಕೊನೆಗೆ ದೋಷ ಬರುವುದು ಮಾತ್ರ ಬರೆದವಳ ಮೇಲೆ.

ಗಡಿ ದಾಟುವ ಸೊಸೆ, ಗಡಿ ದಾಟುವ ಬಾಣಂತನ

“ಮಹಾರಾಷ್ಟ್ರದಲ್ಲಿ ಇದ್ದ ಮೇಲೆ ಮರಾಠಿ ಕಲೀರಿ” ಎಂಬ ಮಾತು ಕೇಳಿ ಬರುತ್ತದೆ. ಕಲಿತಿದ್ದೇವಲ್ಲ! ಇಲ್ಲಿಯ ಕನ್ನಡ ಶಾಲೆಯ ಹುಡುಗರು ಮರಾಠಿಯನ್ನೂ ಓದುತ್ತಾರೆ. ಪೇಟೆ, ಕಚೇರಿ, ಎಸ್.ಟಿ. ಬಸ್ಸು ಎಲ್ಲ ಮರಾಠಿಯಲ್ಲೇ ನಡೆಯುತ್ತದೆ. ಈ ಲೇಖಕನಿಗೆ ಎರಡೂ ಭಾಷೆ ಅನ್ನ ಕೊಟ್ಟಿವೆ, ಮರಾಠಿಯ ಮೇಲೆ ಯಾವ ತಕರಾರೂ ಇಲ್ಲ.

ಆದರೆ ಆರೋಗ್ಯದ ಆ್ಯಪ್ ಹೆಚ್ಚು ಬೇಕಾಗುವುದು ಯಾರಿಗೆ ಎಂಬುದನ್ನು ಯೋಚಿಸಬೇಕು. ಇಂಡಿ, ಚಡಚಣ, ಅಥಣಿ, ಅಫಜಲಪುರ, ಆಳಂದ ಕಡೆಯಿಂದ ಈ ಕಡೆಗೆ ಹೆಣ್ಣು ತರುವುದು, ಈ ಕಡೆಯ ಹೆಣ್ಣು ಆ ಕಡೆಗೆ ಕೊಡುವುದು ಮುತ್ಯಾನ ಕಾಲದಿಂದ ನಡೆದು ಬಂದಿದೆ. ಅಲ್ಲಿ ಎಸ್ಸೆಸ್ಸೆಲ್ಸಿ ವರೆಗೆ ಕನ್ನಡದಲ್ಲಿ ಓದಿದ ಹುಡುಗಿ ಇಲ್ಲಿ ಸೊಸೆಯಾಗಿ ಬರುತ್ತಾಳೆ. ವರ್ಷ ತುಂಬುವುದರಲ್ಲಿ ಬಸುರಿ. ಆಕೆಗೆ ಓದಲು ಚೆನ್ನಾಗಿ ಬರುತ್ತದೆ, ಆದರೆ ಮರಾಠಿ ಪರದೆಯ ಮುಂದೆ ಓದು ಬಾರದವಳಂತೆ ಕೂರಬೇಕಾಗುತ್ತದೆ. ವಿಪರೀತ ತಲೆನೋವು, ಮುಖ-ಕೈ ಬಾವು, ರಕ್ತಸ್ರಾವ, ಹೊಟ್ಟೆಯಲ್ಲಿ ಕೂಸಿನ ಚಲನೆ ಕಡಿಮೆಯಾಗುವುದು ಇವೆಲ್ಲ ತಡಮಾಡದೆ ದವಾಖಾನೆಗೆ ಹೋಗಬೇಕಾದ ಲಕ್ಷಣಗಳು. ಈ ನಾಲ್ಕು ಸಾಲು ಯಾರಿಗೆ ತಿಳಿಯಬೇಕೋ ಆಕೆಗೇ ತಿಳಿಯದಿದ್ದರೆ ಆ್ಯಪ್ ಇದ್ದೂ ಏನು ಉಪಯೋಗ? ಅತ್ತೆಯನ್ನೋ ಮೈದುನನನ್ನೋ ಕರೆದು “ಇದನ್ನ ಓದಿ ಹೇಳ್ರಿ” ಅನ್ನಲು ಆಗದ ವಿಷಯಗಳೂ ಇರುತ್ತವೆ.

ಇನ್ನು ಚೊಚ್ಚಲ ಬಾಣಂತನ ತವರಿನಲ್ಲಿ. ಏಳೋ ಎಂಟೋ ತಿಂಗಳಿಗೆ ಆಕೆ ಗಡಿ ದಾಟಿ ಹೋಗುತ್ತಾಳೆ. ಇಲ್ಲಿಯ ತಪಾಸಣೆಯ ಕಾರ್ಡು ಮರಾಠಿಯಲ್ಲಿ. ಅಲ್ಲಿಯ ನರ್ಸಮ್ಮನಿಗೆ ಪರಿಚಯ ಇರುವುದು ಕನ್ನಡದ ತಾಯಿ ಕಾರ್ಡ್. ಹಿಮೋಗ್ಲೋಬಿನ್ ಅಂಕಿ ತಿಳಿಯುತ್ತದೆ, ಪಕ್ಕದಲ್ಲಿ ಬರೆದ ಎಚ್ಚರಿಕೆಯ ಮಾತು ತಿಳಿಯುವುದಿಲ್ಲ. ಕಾಗದಕ್ಕೆ ಈ ಕೊರತೆ ತಪ್ಪದು, ಒಮ್ಮೆ ಅಚ್ಚಾದದ್ದು ಬದಲಾಗುವುದಿಲ್ಲ. ಮೊಬೈಲಿಗೆ ಯಾಕೆ ಇರಬೇಕು? ಅದೇ ದಾಖಲೆಯನ್ನು ಇಲ್ಲಿ ಮರಾಠಿಯಲ್ಲಿ, ಅಲ್ಲಿ ಕನ್ನಡದಲ್ಲಿ ತೋರಿಸುವುದು ಆ್ಯಪ್ ಮಾಡಬಲ್ಲ ಕೆಲಸ. ಗಡಿ ಜನರಿಗೆ ಡಿಜಿಟಲ್ ದಾಖಲೆಯಿಂದ ಆಗಬಹುದಾದ ಅತಿ ದೊಡ್ಡ ಲಾಭ ಇದೇ.

ಮಾತು ಎರಡೂ ಕಡೆಗೆ ಅನ್ವಯಿಸುತ್ತದೆ. ಮರಾಠಿ ಮನೆಯ ಮಗಳು ಸೊಸೆಯಾಗಿ ಅಥಣಿ, ನಿಪ್ಪಾಣಿ, ಭಾಲ್ಕಿ ಕಡೆ ಹೋದರೆ, ಕರ್ನಾಟಕದ ಆ್ಯಪ್ ಆಕೆಗೆ ಮರಾಠಿಯಲ್ಲಿ ಕಾಣಬೇಕು. ನಮಗೆ ಬೇಕಾದ್ದನ್ನು ಇನ್ನೊಬ್ಬರಿಗೆ ಇಲ್ಲ ಅನ್ನುವುದು ನ್ಯಾಯವಲ್ಲ.

ಭಾಷಾಂತರ ಮಾಡಿದರೆ ಮುಗಿಯಲಿಲ್ಲ

ಭಾಷೆಯ ಪಟ್ಟಿಗೆ ‘ಕನ್ನಡ’ ಸೇರಿಸಿದ ಕೂಡಲೇ ಕೆಲಸ ಆಯಿತು ಅಂತಲ್ಲ. ಯಾವ ಕನ್ನಡ ಅನ್ನುವುದೂ ಮುಖ್ಯ. ‘ಫಲಾನುಭವಿಯನ್ನು ನೋಂದಾಯಿಸಿ’ ಎಂದು ಬರೆದರೆ ನಮ್ಮ ಆಯಿಗೆ ಏನು ತಿಳಿಯಬೇಕು? ‘ಯಾರ ಹೆಸರು ಹಚ್ಚಬೇಕು?’ ಅಂದರೆ ಥಟ್ಟನೆ ತಿಳಿಯುತ್ತದೆ. ‘ಅತಿಸಾರ’ ಅಂದರೆ ಮುಖ ನೋಡುತ್ತಾರೆ, ‘ಜುಲಾಬು’ ಅಂದರೆ ಉತ್ತರ ಹೇಳುತ್ತಾರೆ. ರಕ್ತದೊತ್ತಡಕ್ಕೆ ಎಲ್ಲರ ಬಾಯಲ್ಲೂ ಇರುವ ಮಾತು ‘ಬಿ.ಪಿ.’ ಮಧುಮೇಹಕ್ಕೆ ‘ಶುಗರ್’. ಇದನ್ನು ಬರೆಯಲು ನಾಚಿಕೆ ಯಾಕೆ?

ಎರಡು ಭಾಷೆಯ ನಡುವೆ ಇರುವ ನಮಗೆ ಇನ್ನೊಂದು ಪೇಚು ಗೊತ್ತು. ಮರಾಠಿಯಲ್ಲಿ ‘ತಾಪ’ ಅಂದರೆ ಜ್ವರ, ಕನ್ನಡದಲ್ಲಿ ಬರಿ ಬಿಸಿ ಅಥವಾ ಸಂಕಟ. ಮರಾಠಿಯ ‘ಮೂಲ’ ಅಂದರೆ ಮಗು, ನಮ್ಮಲ್ಲಿ ಮೂಲ ಅಂದರೆ ಮೂಲವ್ಯಾಧಿ! ಮರಾಠಿಯ ‘ಪರವಾ’ ಅಂತೂ ಮೊನ್ನೆಗೂ ಸರಿ, ನಾಡಿದ್ದಿಗೂ ಸರಿ. ಮುಂದಿನ ತಪಾಸಣೆ ‘ಪರವಾ’ ಎಂದು ಸಂದೇಶ ಬಂದರೆ ಅರೆಬರೆ ಮರಾಠಿ ಬಲ್ಲವರು ಏನು ಮಾಡಬೇಕು? ‘ಬುಧವಾರ, 12 ತಾರೀಖು’ ಎಂದು ವಾರ-ತಾರೀಖು ಎರಡನ್ನೂ ಬರೆದರೆ ಯಾವ ಭಾಷೆಯವರೂ ದಾರಿ ತಪ್ಪುವುದಿಲ್ಲ. ಇಂಥ ಸಣ್ಣ ವಿಷಯಗಳು ದೊಡ್ಡ ಕಚೇರಿಯಲ್ಲಿ ಕೂತು ಅನುವಾದ ಮಾಡುವವರಿಗೆ ಹೊಳೆಯುವುದಿಲ್ಲ, ಸಂತೆಯಲ್ಲಿ ನಿಂತವರಿಗೆ ಹೊಳೆಯುತ್ತವೆ.

ಅಕ್ಷರದ ವಿಷಯವೂ ಹೀಗೆಯೇ. ಇಂಗ್ಲಿಷ್ ಅಕ್ಷರ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ಕನ್ನಡಕ್ಕೆ ಕೆಳಗೆ ಒತ್ತು ಇದೆ, ಮೇಲೆ ಗುಡಿಸು ಇದೆ. ಇಂಗ್ಲಿಷಿಗೆ ಅಳೆದು ಮಾಡಿದ ಬಟನ್ನಿನಲ್ಲಿ ಕನ್ನಡ ತುಂಬಿದರೆ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. ‘ಹೊಟ್ಟೆ’ ಹೋಗಿ ‘ಹೊಟೆ’, ‘ಹುಣ್ಣು’ ಹೋಗಿ ‘ಹುಣು’ ಆಗುತ್ತದೆ. ಉದ್ದ ಶಬ್ದದ ಬಾಲಕ್ಕೆ ಮೂರು ಚುಕ್ಕಿ ಬೀಳುತ್ತದೆ. ಸಾಲಿನ ನಡುವೆ ಸ್ವಲ್ಪ ಜಾಗ, ಬಟನ್ನಿಗೆ ಸ್ವಲ್ಪ ಅಗಲ ಕೊಟ್ಟರೆ ತೀರುವ ತೊಂದರೆ ಇದು. ಆ್ಯಂಡ್ರಾಯ್ಡ್ ಮಾಡುವ ಗೂಗಲ್ ಕಂಪನಿಯೇ, ಬೆರಳಿನಿಂದ ಒತ್ತುವ ಜಾಗ ಸುಮಾರು 9 ಮಿಲಿಮೀಟರ್ ಆದರೂ ಇರಲಿ ಎಂದು ಆ್ಯಪ್ ಮಾಡುವವರಿಗೆ ಹೇಳುತ್ತದೆ. ಕುಡುಗೋಲು ಹಿಡಿದು ಒರಟಾದ ಬೆರಳಿಗೆ ಅದಕ್ಕಿಂತ ಹೆಚ್ಚೇ ಬೇಕು. ಬಿಸಿಲಲ್ಲಿ ನಿಂತು ನೋಡುವಾಗ ಬಿಳಿ ಮೇಲೆ ತಿಳಿ ಬೂದು ಅಕ್ಷರ ಕಾಣುವುದೇ ಇಲ್ಲ. ಬರಿ ಕೆಂಪು, ಹಸಿರು ಬಣ್ಣದಿಂದ ‘ಅಪಾಯ’, ‘ಸರಿ’ ತೋರಿಸಿದರೆ ಬಣ್ಣ ಗುರುತಿಸಲಾರದವರಿಗೆ ಎರಡೂ ಒಂದೇ. ಬಣ್ಣದ ಜೊತೆ ಮಾತನ್ನೂ ಬರೆಯಬೇಕು.

ಓಟಿಪಿ ಕಥೆ ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇದ್ದ ಮಹಿಳೆಯರು ಶೇ. 54. ಇಂಟರ್‌ನೆಟ್ ಒಮ್ಮೆಯಾದರೂ ಬಳಸಿದವರು ಶೇ. 33. ಮನೆಗೊಂದೇ ಫೋನು, ಅದೂ ಪುಣೆಯಲ್ಲಿ ದುಡಿಯುವ ಮಗನ ಕಿಸೆಯಲ್ಲಿ ಇದ್ದರೆ ಓಟಿಪಿ ಅಲ್ಲಿ ಬರುತ್ತದೆ, ಜ್ವರ ಇಲ್ಲಿ ಇರುತ್ತದೆ. ಮಗ ಫೋನ್ ಎತ್ತಿ ಅಂಕಿ ಹೇಳುವಷ್ಟರಲ್ಲಿ ವೇಳೆ ಮುಗಿದಿರುತ್ತದೆ. ಒಂದು ನಂಬರಿನ ಮೇಲೆ ಮನೆಯ ಎಲ್ಲರ ದಾಖಲೆ ಇಡುವ ಸೌಕರ್ಯ, ಓಟಿಪಿಗೆ ಸಾಕಷ್ಟು ಸಮಯ, ಅದೂ ಆಗದಿದ್ದರೆ ಕಾಗದದ ಚೀಟಿ ಇವು ಆ್ಯಪ್‌ನ ಭಾಗವೇ ಆಗಿರಬೇಕು.

ಓದುವುದಕ್ಕಿಂತ ಕೇಳುವುದು ಸಲೀಸು

ಅಕ್ಷರ ಬಾರದವರಿಗೆ ದನಿಯೇ ದಾರಿ. ಕೇಂದ್ರ ಆರೋಗ್ಯ ಖಾತೆಯ ‘ಕಿಲ್ಕಾರಿ’ ಯೋಜನೆ 2016ರಲ್ಲಿ ಶುರುವಾಯಿತು. ಗರ್ಭಿಣಿಯ ನಾಲ್ಕನೇ ತಿಂಗಳಿಂದ ಮಗುವಿಗೆ ವರ್ಷ ತುಂಬುವ ತನಕ ವಾರಕ್ಕೊಂದು ಫೋನ್ ಬರುತ್ತದೆ, ಒಟ್ಟು 72 ಸಂದೇಶ. ಡೌನ್‌ಲೋಡ್ ಬೇಡ, ಇಂಟರ್‌ನೆಟ್ ಬೇಡ, ಸಾದಾ ಫೋನ್ ಸಾಕು. ಎತ್ತಿ ಕಿವಿಗಿಟ್ಟರಾಯಿತು. ಕೈಗೆಟುಕುವ ಸೇವೆ ಅಂದರೆ ಹೀಗಿರಬೇಕು.

ಆದರೆ ಇಲ್ಲಿಯೂ ಅದೇ ಗಡಿಗೆರೆ. 2024ರಲ್ಲಿ ಕಿಲ್ಕಾರಿ ಮಹಾರಾಷ್ಟ್ರಕ್ಕೆ ಬಂದದ್ದು ಮರಾಠಿಯಲ್ಲಿ. ರಾಜ್ಯ ಯಾವುದೋ ದನಿಯೂ ಅದೇ. ಇ-ಸಂಜೀವನಿಯನ್ನು ಕಟ್ಟಿದ್ದೂ ರಾಜ್ಯ ಆಯ್ದುಕೊಂಡು ಆ ರಾಜ್ಯದ ಡಾಕ್ಟರರ ಸರದಿಗೆ ನಿಲ್ಲುವ ರೀತಿಯಲ್ಲೇ. ಹೊಟ್ಟೆ ಎಲ್ಲಿ ನೋಯುತ್ತದೆ, ಯಾವಾಗಿಂದ, ಹ್ಯಾಂಗ ನೋಯುತ್ತದೆ ಅಂತ ಹೇಳಬೇಕಾದಾಗ ಮುದುಕರಿಗೆ ಬಾಯಿಗೆ ಬರುವುದು ತಾಯಿಭಾಷೆಯೇ. ನಾಡಿ ಮುಟ್ಟಿ ನೋಡದ ಡಾಕ್ಟರರಿಗೆ ರೋಗಿಯ ಮಾತೇ ನಾಡಿ. ಮಾತು ತಪ್ಪಿದರೆ ಔಷಧವೂ ತಪ್ಪುತ್ತದೆ. ‘ಕನ್ನಡಕ್ಕಾಗಿ ಇದನ್ನು ಒತ್ತಿರಿ’ ಎಂಬ ಒಂದು ಆಯ್ಕೆ, ಕನ್ನಡ ಬಲ್ಲ ಡಾಕ್ಟರ್ ಯಾವ ರಾಜ್ಯದಲ್ಲಿದ್ದರೂ ಜೋಡಿಸುವ ಏರ್ಪಾಡು ತಂತ್ರಜ್ಞಾನಕ್ಕೆ ಭಾರವಲ್ಲ.

ಪರದೆಯೂ ಒಂದು ಸೂಚನಾ ಫಲಕ

ಇದು ದಯೆ ಬೇಡುವ ಮಾತಲ್ಲ. ರಾಜ್ಯಗಳ ಪುನರ್ವಿಂಗಡಣೆ ಆದ 1956ರಲ್ಲೇ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಸಂವಿಧಾನಕ್ಕೆ 350-ಎ ಮತ್ತು 350-ಬಿ ವಿಧಿ ಸೇರಿಸಿದರು. ಒಂದು ಪ್ರದೇಶದಲ್ಲಿ ಭಾಷಾ ಅಲ್ಪಸಂಖ್ಯಾತರು ಶೇ. 15 ಅಥವಾ ಹೆಚ್ಚು ಇದ್ದರೆ ಮುಖ್ಯ ನಿಯಮ, ಸೂಚನೆಗಳನ್ನು ಅವರ ಭಾಷೆಯಲ್ಲೂ ಪ್ರಕಟಿಸಬೇಕು ಎಂಬುದು ಕೇಂದ್ರ-ರಾಜ್ಯಗಳು ಕೂಡಿ ಒಪ್ಪಿಕೊಂಡ ರಕ್ಷಣೆ. ಆ ಕಾಲದಲ್ಲಿ ಸೂಚನೆ ಅಂದರೆ ಚಾವಡಿಯ ಗೋಡೆಗೆ ಅಂಟಿಸಿದ ಕಾಗದ. ಇಂದು ಆ ಗೋಡೆ ಮೊಬೈಲಿನೊಳಗೆ ಬಂದಿದೆ. ಗೋಡೆಗೆ ಇದ್ದ ನಿಯಮ ಪರದೆಗೂ ಅನ್ವಯಿಸಲಿ ಎಂಬುದೇ ನಮ್ಮ ಕೇಳಿಕೆ. ಕಾಸರಗೋಡು, ತಾಳವಾಡಿ, ಆದೋನಿ, ಮಡಕಶಿರಾದ ಕನ್ನಡಿಗರ ಮಾತೂ ಇದೇ ಆಗಿರುತ್ತದೆ, ಅಲ್ಲಿ ಮರಾಠಿಯ ಜಾಗದಲ್ಲಿ ಮಲಯಾಳ, ತಮಿಳು, ತೆಲುಗು ಅಷ್ಟೇ.

ಖರ್ಚಿನ ನೆಪ ಹೇಳುವವರಿಗೆ ಒಂದು ಲೆಕ್ಕ. ಕೇಂದ್ರದ ಆ್ಯಪ್‌ಗಳಿಗೆ ಕನ್ನಡ ಅನುವಾದ ಕರ್ನಾಟಕಕ್ಕಾಗಿ ಹೇಗೂ ಆಗಿರುತ್ತದೆ. ಅದನ್ನು ಗಡಿಯ ಈಚೆಗೂ ತೆರೆದಿಡಲು ಹೊಸ ಖರ್ಚು ಎಷ್ಟು? ಇನ್ನು ಪರೀಕ್ಷೆ. ಬಳಕೆಯ ತೊಡಕು ಹುಡುಕುವ ವಿದ್ಯೆಯಲ್ಲಿ ಹೆಸರಾದ ಜೇಕಬ್ ನೀಲ್ಸನ್ 2000ನೇ ಇಸವಿಯಲ್ಲೇ ಬರೆದಿದ್ದಾರೆ: ಐದು ಮಂದಿಯ ಕೈಗೆ ಕೊಟ್ಟು ನೋಡಿದರೆ ಹೆಚ್ಚಿನ ದೋಷಗಳು ಹೊರಬೀಳುತ್ತವೆ. ಐದೇ ಮಂದಿ! ಒಬ್ಬ ಆಶಾತಾಯಿ, ಒಬ್ಬ ಅಂಗನವಾಡಿ ಸೇವಿಕೆ, ಒಬ್ಬ ಬಸುರಿ, ಕಣ್ಣು ಮಂಜಾದ ಒಬ್ಬ ಮುತ್ಯಾ, ಸಾದಾ ಫೋನಿನ ಒಬ್ಬ ಕೂಲಿಕಾರ. ಗಡಿಯ ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರದ ಕಟ್ಟೆಯ ಮೇಲೆ ಈ ಐವರೂ ಒಂದೇ ಮುಂಜಾನೆ ಸಿಗುತ್ತಾರೆ.

ಬೇಕಾದ್ದು ಇಷ್ಟೇ. ಆ್ಯಪ್ ತೆರೆದಾಗ ಮೊದಲ ಪರದೆಯಲ್ಲಿ ಪ್ರತಿ ಭಾಷೆಯ ಹೆಸರು ಅದರದೇ ಲಿಪಿಯಲ್ಲಿ ಇರಲಿ. ಆಯ್ದ ಭಾಷೆ ವ್ಯಕ್ತಿಯ ದಾಖಲೆಯ ಜೊತೆ ಹೋಗಲಿ, ಜಿಲ್ಲೆಯ ಜೊತೆ ಅಲ್ಲ. ಮಾತು ಆಡುನುಡಿಗೆ ಹತ್ತಿರ ಇರಲಿ, ಓದಲು ಬಾರದವರಿಗೆ ದನಿ ಇರಲಿ. ಆ್ಯಪ್ ಬಾರದವರಿಗೆ ದವಾಖಾನೆಯ ಬಾಗಿಲು ಮೊದಲಿನಂತೆಯೇ ತೆರೆದಿರಲಿ.

ನಮ್ಮ ಮನೆಗಳಲ್ಲೂ ಆಗಬೇಕಾದ ಕೆಲಸ ಇದೆ. ಕೇಂದ್ರದ ಹಲವು ಆ್ಯಪ್‌ಗಳಲ್ಲಿ ಕನ್ನಡ ಈಗಾಗಲೇ ಇದೆ, ಸೆಟ್ಟಿಂಗ್‌ನಲ್ಲಿ ಹುಡುಕಿ ಹಚ್ಚಿ ಕೊಡುವವರು ಬೇಕು. ಕಾಲೇಜಿಗೆ ಹೋಗುವ ಹುಡುಗ-ಹುಡುಗಿಯರು ರೀಲ್ಸ್ ನೋಡುವ ವೇಳೆಯಲ್ಲಿ ಹತ್ತು ನಿಮಿಷ ತೆಗೆದು ಆಯಿಯ, ಅತ್ತಿಗೆಯ ಫೋನಿನಲ್ಲಿ ಇದನ್ನು ಮಾಡಿ ಕೊಡಲಿ. ಆಧಾರಕ್ಕೆ ಜೋಡಿಸಿದ ಮೊಬೈಲ್ ನಂಬರ್ ಚಾಲೂ ಇದೆಯೇ ನೋಡಿರಿ. ಓಟಿಪಿಯನ್ನು ಗುರುತಿಲ್ಲದವರಿಗೆ ಹೇಳಬೇಡಿರಿ. ಕಾಗದದ ಕಾರ್ಡನ್ನು ಎಸೆಯಬೇಡಿರಿ, ಬಾಣಂತನಕ್ಕೆ ಹೋಗುವಾಗ ಜೊತೆಗೆ ಒಯ್ಯಿರಿ.

ಇನ್ನು ತಕರಾರು ಇದ್ದರೆ ಬರೆದೇ ಕೊಡಬೇಕು. ಯಾವ ಅಧಿಕಾರಿಗೇ ಆಗಲಿ, ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕನ್ನಡದಲ್ಲೇ ಬರೆಯಿರಿ, ಊರಿನ ನಾಲ್ಕು ಮಂದಿ ಸಹಿ ಮಾಡಿರಿ, ಯಾವ ಆ್ಯಪ್‌ನ ಯಾವ ಪರದೆ ತಿಳಿಯಲಿಲ್ಲ ಎಂಬುದನ್ನು ಹೆಸರಿಸಿರಿ. “ಆ್ಯಪ್ ಸರಿ ಇಲ್ಲ” ಅಂದರೆ ಯಾರೂ ಕೇಳುವುದಿಲ್ಲ. “ಮೂರನೇ ಪರದೆಯ ಎರಡನೇ ಪ್ರಶ್ನೆ ನಮ್ಮ ಬಾಣಂತಿಯರಿಗೆ ತಿಳಿಯುವುದಿಲ್ಲ” ಅಂದರೆ ಉತ್ತರ ಕೊಡಲೇಬೇಕಾಗುತ್ತದೆ.